ಚೆಂಡು ಎಲ್ಲಿ ಬಿತ್ತು

ಆಗಸ್ಟ್ 3, ಭಾನುವಾರ

ನಲವತ್ತೆಂಟನೆಯ ವಯಸ್ಸಿನಲ್ಲಿ, ಇವರ ಹಳೆಯ ಟೋಪಿ ಹಾಕಿಕೊಂಡು, ನೆಲಕ್ಕೆ ನೆಟ್ಟ ಕಡ್ಡಿಯ ಮೇಲೆ ಕೂತಿದ್ದ ಬಿಳಿ ಚೆಂಡಿಗೆ ಬೆಳಗಿನಿಂದ ಕೋಲು ಬೀಸಿ ಬಂದಿದ್ದೇನೆ. ಹೆಚ್ಚಿನ ಸಲ ಅದು ತಗುಲಿದ್ದು ಗಾಳಿಗೆ. ಕೆಲವು ಸಲ ನೆಲಕ್ಕೆ. ಅಪ್ಪಿತಪ್ಪಿ ಚೆಂಡಿಗೆ ತಗುಲಿದಾಗ ಅದು ನೆಟ್ಟಗೆ ಹೊರಟಂತೆ ಮಾಡಿ, ಆಮೇಲೆ ಬಲಕ್ಕೆ ಬಾಗಿ ಬಾಗಿ, ಕ್ಲಬ್ಬಿನ ಬೇಲಿ ದಾಟಿ ಪಕ್ಕದ ಸೇವಂತಿಗೆ ತೋಟದೊಳಗೆ ಹೋಗಿ ಬಿತ್ತು.

"ತಲೆ ಎತ್ಬೇಡ ಕಣೇ," ಎಂದು ಇವರು ಹಿಂದಿನಿಂದ ಹೇಳುತ್ತಲೇ ಇದ್ದರು. "ಚೆಂಡು ಎಲ್ಲಿಗೆ ಹೋಗತ್ತೆ ಅಂತ ನಾನು ನೋಡ್ಕೋತೀನಿ. ನೀನು ಹೊಡೆಯೋದನ್ನ ನೋಡು."

ತಲೆ ಎತ್ತುವುದೇ ನನ್ನ ರೋಗವಂತೆ. ಹೊಡೆಯುವ ಮೊದಲೇ ಎಲ್ಲಿ ಬಿತ್ತೆಂದು ನೋಡುತ್ತೇನಂತೆ.

ನನಗೆ ಈ ಆಟ ಬೇಕಿರಲಿಲ್ಲ. ಇವರ ಕಾರ್ಖಾನೆಯವರು ಉದ್ದನಪಲ್ಲಿಯ ಹತ್ತಿರ ಹೊಸ ಘಟಕ ಕಟ್ಟುತ್ತಿದ್ದಾರೆ. ಅಲ್ಲಿನ ಟೂಲ್ ರೂಮಿಗೆ ಮುಖ್ಯಸ್ಥರು ಬೇಕು. ಮದುವೆಗೂ ಮೊದಲಿನಿಂದ ಇದೇ ಹೊಸೂರಿನಲ್ಲಿ ಅಚ್ಚು ಕೊರೆದುಕೊಂಡು ಬಂದ ಇವರ ಹೆಸರಿದೆ. ವಯಸ್ಸಿನಲ್ಲಿ ಚಿಕ್ಕವರಾದ ಯತಿರಾಜ್ ಹೆಸರೂ ಇದೆ. ಆರಿಸುವವರು ಪ್ಲಾಂಟ್ ಹೆಡ್ ರವಿಕುಮಾರ್. ಅವರಿಗೆ ಗಾಲ್ಫ್ ಹುಚ್ಚು. ಒಬ್ಬ ಮನುಷ್ಯನ ಜೊತೆ ಒಂದು ಆಟ ಪೂರ್ತಿ ನಡೆದರೆ ಅವನ ಹಣೆಬರಹ ಗೊತ್ತಾಗುತ್ತದೆ ಎಂದು ನಂಬಿದವರು. ಅಕ್ಟೋಬರ್ ಹನ್ನೆರಡಕ್ಕೆ ಕ್ಲಬ್ಬಿನಲ್ಲಿ ದಂಪತಿಗಳ ಪಂದ್ಯವಿದೆ. ತಮ್ಮ ಜೊತೆಗೆ ಆಡಲು ನಮ್ಮಿಬ್ಬರ ಹೆಸರು ಬರೆಸಿದ್ದಾರೆ. ಅದಾದ ವಾರ ಆರ್ಡರ್ ಹೊರಡುತ್ತದಂತೆ.

ಜೋಡಿಗೆ ಒಂದೇ ಚೆಂಡು. ಒಬ್ಬರು ಹೊಡೆದಲ್ಲಿಂದ ಇನ್ನೊಬ್ಬರು ಹೊಡೆಯಬೇಕು. ಚೆಂಡು ಬೀಳಿಸುವ ಒಂದೊಂದು ಗುಳಿಗೂ ಆಟ ಶುರು ಮಾಡುವವರು ಸರದಿಯಂತೆ ಬದಲಾಗುತ್ತಾರೆ. ದೂರದ ಗುಳಿಗಳೆಲ್ಲ ತಮ್ಮ ಪಾಲಿಗೆ ಬರುವಂತೆ ಇವರು ಲೆಕ್ಕ ಹಾಕಿದ್ದರಿಂದ, ಮೊಟ್ಟಮೊದಲ ಹೊಡೆತ ನನ್ನ ಪಾಲಿಗೆ ಬಂದಿದೆ. ಎದುರಿಗೇ ನೀರು ತುಂಬಿದ ಕುಂಟೆ. ಅದನ್ನು ದಾಟಿಸಬೇಕು.

ಕನ್ನಡ ಎಂ.ಎ. ಮಾಡಿದ್ದು, ವರ್ಷವರ್ಷ ಮಕ್ಕಳಿಗೆ ಷಟ್ಪದಿ ಬಿಡಿಸಿ ಹೇಳಿದ್ದು ಎಲ್ಲ ಒಂದು ಕಡೆಗಿರಲಿ. ಈಗ ಇವರ ಬಡ್ತಿ ನನ್ನ ಎಡಗೈಯ ಹೆಬ್ಬೆರಳಿನ ಮೇಲೆ ನಿಂತಿದೆ. ಆ ಬೆರಳಿನಲ್ಲಿ ಗುಳ್ಳೆ ಎದ್ದಿದೆ.

ಆಗಸ್ಟ್ 10, ಭಾನುವಾರ

ಕಾರ್ಖಾನೆಯವರನ್ನು ಮದುವೆಯಾದರೆ ಮನೆಯಲ್ಲಿ ಯಾವ ವಸ್ತುವಿಗೂ ಸುಮ್ಮನೆ ಕೆಟ್ಟಿರುವ ಸ್ವಾತಂತ್ರ್ಯವಿರುವುದಿಲ್ಲ. ಬಾಗಿಲು ಕಿರುಗುಟ್ಟಿದರೆ ಅದಕ್ಕೊಂದು ತಗಡು, ಮಂಚ ಅಲ್ಲಾಡಿದರೆ ಅದಕ್ಕೊಂದು ಬೋಲ್ಟು. ಈಗ ನನ್ನ ಸರದಿ.

ಡ್ರಿಲ್ಲು ಅಡ್ಡಾದಿಡ್ಡಿ ಹೋಗದಂತೆ ಹಿಡಿದುಕೊಳ್ಳುವ ಕಬ್ಬಿಣದ ಚೌಕಟ್ಟಿಗೆ ಅವರ ಭಾಷೆಯಲ್ಲಿ ಜಿಗ್ ಎನ್ನುತ್ತಾರೆ. ನನ್ನ ಕೈಗೂ ಅಂಥದ್ದೊಂದನ್ನು ಮಾಡಿಸಿ ಮಹಡಿಯ ಮೇಲೆ ನಿಲ್ಲಿಸಿದ್ದಾರೆ. ಪೈಪು ಬಗ್ಗಿಸಿದ ದೊಡ್ಡ ಬಳೆ. ನಾನು ಒಳಗೆ ನಿಂತು ಕೋಲನ್ನು ಆ ಬಳೆಗೆ ಸವರಿಕೊಂಡೇ ಬೀಸಬೇಕು. ಬೀಸಿದೆ. ಕಬ್ಬಿಣಕ್ಕೆ ಕಬ್ಬಿಣ ತಗುಲಿ ಬೀದಿಗೆಲ್ಲ ಕೇಳಿಸಿತು. ಪಕ್ಕದ ಮನೆ ಅಂಜಿನಮ್ಮ ತಮ್ಮ ಮಹಡಿಯಿಂದ ಇಣುಕಿದರು.

"ಏನ್ ಟೀಚರಮ್ಮ, ಮಲ್ಲಿಗೆ ಬಳ್ಳಿ ಹಬ್ಬಿಸ್ತೀರಾ?"

"ಇಲ್ಲಾರೀ, ನನ್ನನ್ನೇ ಹಬ್ಬಿಸ್ತಿದಾರೆ," ಎಂದೆ.

ಇವರು ನಗಲಿಲ್ಲ. ಕೆಳಗಿಳಿಯುವಾಗ ಮೆಟ್ಟಿಲ ಪಕ್ಕದ ದಾಸವಾಳದ ಕುಂಡಕ್ಕೆ ಕಾಲು ತಾಗಿಸಿ ಒಡೆದರು. "ಇದನ್ನ ಇಲ್ಲಿ ಯಾರು ಇಟ್ಟಿದ್ದು?" ಎಂದು ನನ್ನ ಮೇಲೇ ರೇಗಿದರು. ಆ ಕುಂಡ ಈ ಮನೆಗೆ ಬಂದ ದಿನದಿಂದ ಅಲ್ಲೇ ಇದೆ. ಕಣ್ಣು ಎಲ್ಲಿಟ್ಟುಕೊಂಡು ನಡೆಯುತ್ತಾರೋ.

ಸಂಜೆ ಆ ಬಳೆಯ ಮೇಲೆ ಸೀರೆ ಒಣಹಾಕಿದೆ. ಅದಕ್ಕೆ ಚೆನ್ನಾಗಿದೆ.

ಆಗಸ್ಟ್ 17, ಭಾನುವಾರ

ಇವತ್ತು ಸೇವಂತಿಗೆ ತೋಟದ ಯಜಮಾನಿ ಬೇಲಿಯ ಹತ್ತಿರ ಬಂದು ನಿಂತಿದ್ದರು. ಹೆಸರು ನಾರಾಯಣಮ್ಮ. ಸೊಂಟಕ್ಕೆ ಸೆರಗು, ಕೈಯಲ್ಲಿ ಕುಡುಗೋಲು. ಆ ಕುಡುಗೋಲನ್ನು ನೋಡಿ ನನ್ನ ಕೈಯ ಕೋಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

"ಏನಮ್ಮಣ್ಣಿ, ಅಷ್ಟು ದೊಡ್ಡ ಬಯಲು ಬಿದ್ದೈತೆ ಅಲ್ಲಿ. ಅದೆಲ್ಲ ಬಿಟ್ಟು ನನ್ ತೋಟಕ್ಕೇ ಒಡೀತೀಯಲ್ಲ, ನಂಗೂ ನಿಂಗೂ ಏನು ಹಳೇ ಜಗಳ?"

"ಬೇಕು ಅಂತ ಹೊಡೀತಿಲ್ಲಮ್ಮ. ಅದು ತಾನಾಗೇ ಬರತ್ತೆ."

"ತಾನಾಗೇ ಬರಾಕೆ ಅದೇನು ಕರುವಾ? ಮೊಗ್ಗು ಮುರುದೋದ್ರೆ ಆಯುಧಪೂಜೆಗೆ ಏನ್ ಕಟ್ಲಿ? ನಿಮ್ ಮೊಟ್ಟೆಗಳ್ನ ಪೋಣಿಸಿ ಕಟ್ಲಾ?"

ಚೆಂಡುಗಳನ್ನಾದರೂ ವಾಪಸು ಕೊಡುತ್ತೀರಾ ಎಂದು ಕೇಳಿದೆ. ಹೂ ಬಿಡಿಸುವವರೆಗೆ ಸಾಲಿನೊಳಗೆ ಯಾರೂ ಕಾಲಿಡುವ ಹಾಗಿಲ್ಲ ಎಂದರು. "ಅಬ್ಬದ ಮುಂದೆ ಬಿಡಿಸ್ತೀವಿ. ಸಿಕ್ಕಿದ್ರೆ ಕೊಡಾನ. ಅಲ್ಲೀಗಂಟ ಗಿಡದ ಬುಡದಾಗೆ ಮರಿ ಆಕಿದ್ರೂ ನಂಗೊತ್ತಿಲ್ಲ."

ಇವರು ದೂರದಲ್ಲಿ ತಮ್ಮ ಪಾಡಿಗೆ ಹೊಡೆಯುತ್ತಿದ್ದರು. ಪ್ರತಿ ಹೊಡೆತಕ್ಕೂ ತಲೆಯಾಡಿಸಿ, "ನೆಟ್ಟಗೆ ಹೋಯ್ತು," ಎಂದುಕೊಳ್ಳುತ್ತಿದ್ದರು. ನನ್ನ ಚೆಂಡುಗಳ ಮೇಲೆ ಕೆಂಪು ಚುಕ್ಕೆ, ಅವರದರ ಮೇಲೆ ನೀಲಿ ಚುಕ್ಕೆ. ತಮ್ಮ ಒಳ್ಳೆಯ ಚೆಂಡುಗಳು ನನ್ನ ಕೆಟ್ಟವುಗಳ ಜೊತೆ ಸೇರಬಾರದೆಂದು ಅವರೇ ಇಟ್ಟ ಗುರುತು.

ಆಗಸ್ಟ್ 24, ಭಾನುವಾರ

ಊಟವಾದ ಮೇಲೆ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಹಿಂಬದಿಗೆ ಬರೆಯಲು ಕೂತರು. ಇವರ ಕಾರ್ಖಾನೆಯಲ್ಲಿ ಒಂದು ತುಂಡು ಕೆಟ್ಟರೆ 'ಯಾಕೆ' ಎಂದು ಕೇಳುತ್ತಾರೆ. ಉತ್ತರಕ್ಕೆ ಮತ್ತೆ 'ಯಾಕೆ'. ಬುಡ ಸಿಗುವ ತನಕ ಬಿಡುವುದಿಲ್ಲ. ಯಾಕೆ-ಯಾಕೆ ಎಂದೇ ಅದಕ್ಕೆ ಹೆಸರು.

ಚೆಂಡು ಬಲಕ್ಕೆ ಹೋಗುತ್ತದೆ. ಯಾಕೆ? ಕೋಲಿನ ಮುಖ ತೆರೆದಿರುತ್ತದೆ. ಯಾಕೆ? ಹಿಡಿತ ಸರಿಯಿಲ್ಲ. ಯಾಕೆ? ಹೊಡೆಯುವ ಗಳಿಗೆಯಲ್ಲಿ ಕೈ ಸಡಿಲವಾಗುತ್ತದೆ. ಯಾಕೆ? ತಲೆ ಎತ್ತುತ್ತಾಳೆ. ಯಾಕೆ?

ಇಷ್ಟು ಬರೆದು ಕೊನೆಗೆ ಗೀಟು ಹೊಡೆದು ಬರೆದರು: ಆಪರೇಟರ್‌ಗೆ ಗಮನವಿಲ್ಲ.

"ಆಪರೇಟರ್ ಅಂದ್ರೆ ಯಾರು?" ಎಂದೆ.

"ಅದು ಬರೆಯೋ ರೀತಿ ಹಾಗೆ. ತಪ್ಪು ತಿಳ್ಕೋಬೇಡ."

ಸಂಪಾದಿಸಿಕೊಂಡ ಹೆಸರುಗಳಲ್ಲಿ ಇದೂ ಒಂದಾಯಿತು. ಮನೆಯಾಕೆ, ಟೀಚರಮ್ಮ, ಆಪರೇಟರ್. ಹಾಸಿಗೆಯ ಪಕ್ಕದ ಕವನಸಂಕಲನ ತೆಗೆದೆ. ಒಂದು ಸಾಲೂ ಒಳಗೆ ಇಳಿಯಲಿಲ್ಲ. ಕಣ್ಣು ಮುಚ್ಚಿದರೆ ಬಾಗುತ್ತ ಹೋಗುವ ಬಿಳಿ ಚೆಂಡು.

ಸೆಪ್ಟೆಂಬರ್ 7, ಭಾನುವಾರ

ಕ್ಲಬ್ಬಿನ ಜಗಲಿಯಲ್ಲಿ ರವಿಕುಮಾರ್ ಮತ್ತು ಅವರ ಹೆಂಡತಿ ಮಾಲಿನಿ ಸಿಕ್ಕಿದರು. ಆಕೆ ಎಷ್ಟೋ ವರ್ಷದಿಂದ ಆಡುತ್ತಾರೆ. ಕೈಗವಸಿನ ಸವೆದ ಬೆರಳುಗಳೇ ಅದನ್ನು ಹೇಳುತ್ತವೆ.

"ನೀವು ತುಂಬಾ ಓದ್ತೀರಂತೆ ರಾಧಾಮಣಿ. ಇಲ್ಲಿ ಓದಿದ್ದೆಲ್ಲ ಮರೀಬೇಕು, ಅಷ್ಟೇ."

"ಮರೆಯೋದಕ್ಕೆ ಕ್ಲಾಸು ಎಷ್ಟು ಹೊತ್ತಿಗಿರತ್ತೆ?" ಎಂದೆ. ಆಕೆ ಜೋರಾಗಿ ನಕ್ಕರು. ಒಳ್ಳೆಯ ನಗು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಎನ್ನ ಗೋಪಿ, ಮೇಡಂ ರೆಡಿನಾ?" ಎಂದು ರವಿಕುಮಾರ್ ತಮಿಳು ಬೆರೆಸಿ ಕೇಳಿ ಇವರ ಬೆನ್ನು ತಟ್ಟಿದರು. "ಇಲ್ಲಾಂದ್ರೆ ಹೇಳಿ, ಕುಂಟೆಗೆ ಒಂದು ಮೀನಿನ ಬಲೆ ಹಾಕಿಸ್ತೀನಿ."

ಇವರು ನನ್ನ ಕಡೆ ನೋಡದೆ ಅವರ ಜೊತೆ ಸೇರಿ ನಕ್ಕರು. ಹೊರಡುವಾಗ ಕ್ಲಬ್ಬಿನ ಗೇಟಿನ ಕಂಬಕ್ಕೆ ಕಾರಿನ ಎಡಗಡೆಯ ಕನ್ನಡಿ ಉಜ್ಜಿಸಿದರು. ಕಂಬ ಕಾಣಿಸದಷ್ಟು ಬಡ್ತಿಯ ಕನಸು. ದಾರಿಯುದ್ದಕ್ಕೂ ತಳಿ ಊರಿನ ಕಡೆಯಿಂದ ಎಲೆಕೋಸು ಹೇರಿಕೊಂಡು ಬರುತ್ತಿದ್ದ ಗಾಡಿಗಳನ್ನು ನೋಡುತ್ತ ಕೂತೆ. ಅವಕ್ಕೆ ಎಷ್ಟು ನೆಮ್ಮದಿ. ಹೇರಿದ್ದನ್ನು ಇಳಿಸಿದರೆ ಮುಗಿಯಿತು.

ಸೆಪ್ಟೆಂಬರ್ 14, ಭಾನುವಾರ

ಜಗಳ.

ಇವತ್ತು ಹೊಡೆದ ಮೇಲೆ ತಲೆ ಎತ್ತಿಯೇ ನೋಡಿದೆ. ಬೇಕೆಂದೇ. ನನ್ನ ಚೆಂಡು ಎಂದಿನಂತೆ ಬಲಕ್ಕೆ ತಿರುಗಿ ಬೇಲಿ ದಾಟುತ್ತಿತ್ತು. ಆಗ ಹಿಂದಿನಿಂದ ಇವರ ದನಿ: "ಭಲೆ! ನೆಟ್ಟಗೆ ಹೋಯ್ತು ನೋಡು."

"ಎಲ್ಲಿ ನೆಟ್ಟಗೆ?"

"ಅದೇ, ನೆಟ್ಟಗೆ. ಅರ್ಧ ಬಯಲು ದಾಟ್ತಲ್ಲ."

"ಬೇಲಿ ದಾಟ್ತು ರೀ. ನಾನು ಕಣ್ಣಾರೆ ನೋಡಿದೆ. ನನ್ನನ್ನ ಏನು ಮೂರನೇ ಕ್ಲಾಸಿನ ಮಗು ಅಂದ್ಕೊಂಡಿದ್ದೀರಾ? ಸೊನ್ನೆ ಬಂದ್ರೂ 'ಗುಡ್' ಅಂತ ಬರೆಯೋಕೆ?"

"ತಲೆ ಎತ್ಬೇಡ ಅಂದಿದ್ದೆ," ಎಂದರು, ಅಷ್ಟೇ.

ಬೈದರೆ ತಡೆದುಕೊಳ್ಳಬಹುದು. ಈ ಸುಳ್ಳು ಹೊಗಳಿಕೆಯನ್ನು ಹೇಗೆ ತಡೆದುಕೊಳ್ಳಲಿ? ನನ್ನ ಚೆಂಡನ್ನು ತಾವು ನೋಡಿಕೊಳ್ಳುತ್ತೇವೆ ಎಂದವರು ನೋಡುವುದೇ ಇಲ್ಲ. ಮಗಳು ಭೂಮಿಕಾ ಹಾಸ್ಟೆಲಿಗೆ ಹೋದ ಮೇಲೆ ಈ ಮನೆಯಲ್ಲಿ ನಮಗೆ ಉಳಿದಿದ್ದ ಒಂದೇ ಮಾತಿನ ವಿಷಯ ಈ ಆಟ. ಅದೂ ಮುಗಿಯಿತು ಎನ್ನಿಸುತ್ತಿದೆ.

ಸೆಪ್ಟೆಂಬರ್ 21, ಭಾನುವಾರ

ಹೋದೆ. ಹೊಡೆದೆ. ಬಲಕ್ಕೆ.

ಸೆಪ್ಟೆಂಬರ್ 28, ಭಾನುವಾರ

ಹಬ್ಬದ ಹೂವು ಬಿಡಿಸಲು ತೋಟದಲ್ಲಿ ಆಳುಗಳು ತುಂಬಿದ್ದರು. ನಾರಾಯಣಮ್ಮ ಬೇಲಿಯ ಹತ್ತಿರ ಕೂಗಿ ಕರೆದು, ಹೂವಿನ ಕುಕ್ಕೆಯೊಂದನ್ನು ಮೇಲಿಂದ ದಾಟಿಸಿದರು. ಒಳಗೆ ಮಣ್ಣು ಮೆತ್ತಿದ ಚೆಂಡುಗಳು.

"ತಗಳಮ್ಮಣ್ಣಿ ನಿಮ್ ಮೊಟ್ಟೆಗಳ್ನ. ಒಂದೂ ಒಡೆದಿಲ್ಲ, ಮರೀನೂ ಆಗಿಲ್ಲ."

ಕಲ್ಲುಬೆಂಚಿನ ಮೇಲೆ ಸುರುವಿ ಸೆರಗಿನಿಂದ ಒರೆಸುತ್ತ ಹೋದೆ. ಕೆಂಪು ಚುಕ್ಕೆ ಬಂತು. ನೀಲಿ ಬಂತು. ಮತ್ತೆ ನೀಲಿ. ಒರೆಸಿದಷ್ಟೂ ನೀಲಿ. ಬೇರೆಯಾಗಿ ಗುಡ್ಡೆ ಮಾಡಿದೆ. ನೀಲಿಯ ಗುಡ್ಡೆ ದೊಡ್ಡದಿತ್ತು.

ಮೊದಲು ಬಂದದ್ದು ಸಂತೋಷ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕುಕ್ಕೆ ಹೊತ್ತುಕೊಂಡು ಹೋಗಿ ಕಾರಿನಲ್ಲಿ ಇವರ ಪಕ್ಕ ಕೂತೆ. ಇವರು ಒಂದು ನೀಲಿ ಚೆಂಡನ್ನು ತೆಗೆದು ಬೆರಳಿನಲ್ಲಿ ತಿರುಗಿಸಿದರು.

"ನೆಟ್ಟಗೆ ಹೋಯ್ತು ಅಂತಿದ್ರಲ್ಲ. ಯಾಕೆ?" ಎಂದೆ.

"ಹಾಗನ್ನಿಸ್ತು."

"ಯಾಕನ್ನಿಸ್ತು?"

"ಹೊಡೆದಾಗ ಕೈಗೆ ಚೆನ್ನಾಗಿ ಸಿಕ್ತು."

"ಕೈಯನ್ನ ಯಾಕೆ ಕೇಳ್ತೀರಿ? ಕಣ್ಣಿಲ್ವಾ?"

"ಆಪರೇಟರ್‌ಗೆ ಗಮನವಿಲ್ಲ ಅಂತ ಬರ್ಕೊಂಡು ಬಿಟ್ಬಿಡು ರಾಧಾ."

"ಆಪರೇಟರ್ ಮೇಲೆ ಹಾಕಿ ನಿಲ್ಲಿಸೋದು ಸೋಮಾರಿಗಳ ಕೆಲಸ ಅಂತ ಯಾರ ಮೇಲೋ ಫೋನಲ್ಲಿ ಕೂಗಾಡ್ತಿದ್ರಿ, ನಾನೇ ಕೇಳಿದ್ದೀನಿ. ಯಾಕೆ ಗಮನವಿಲ್ಲ?"

ಇವರು ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕಾಣ್ಸಲ್ಲ," ಎಂದರು.

ಎದುರಿಗಿರುವುದು ಕಾಣುತ್ತದಂತೆ. ಅಕ್ಷರ, ಮೈಕ್ರೋಮೀಟರಿನ ಗೆರೆ, ನನ್ನ ಮುಖ. ಪಕ್ಕದ್ದು ಇಲ್ಲವೇ ಇಲ್ಲವಂತೆ. "ಬೋರ್ ಕೊರೆದ ತೂತಿನೊಳಗಿಂದ ನೋಡ್ದಂಗೆ. ಚೆಂಡು ಮೇಲಕ್ಕೆದ್ರೆ ಸಾಕು, ತೂತಿಂದ ಆಚೆ ಹೋಗ್ಬಿಡತ್ತೆ. ಆಮೇಲೆ ಬಾಯಿಗೆ ಬಂದಿದ್ದು ಹೇಳೋದು." ಒಂದು ವರ್ಷವಾಯಿತಂತೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಗೋಡೆಯ ಅಕ್ಷರ ಓದಿಸುತ್ತಾರೆ, ಅಷ್ಟನ್ನು ಓದಿ ಬಂದಿದ್ದಾರೆ.

"ಯಾರಿಗೆ ಗೊತ್ತು?"

"ಈಗ ನಿಂಗೆ."

ಕಂಬ, ಕುಂಡ, ಆ ಹೊಗಳಿಕೆ, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ಆದರೂ ಮೊದಲು ಬಂದದ್ದು ಮರುಕವಲ್ಲ, ಕೋಪವೇ. ಹೀಗಿದ್ದುಕೊಂಡು ನನ್ನನ್ನು ಕೂರಿಸಿಕೊಂಡು ಕಾರು ಓಡಿಸಿದ್ದಾರೆ! ಕೆಳಗಿಳಿಯಿರಿ ಎಂದೆ. ಜಾಗ ಬದಲಾಯಿಸಿಕೊಂಡು ಮನೆಯವರೆಗೆ ನಾನೇ ಓಡಿಸಿದೆ. ಹೂವಿನ ಮೂಟೆ ಹೊತ್ತ ಟೆಂಪೊಗಳೆಲ್ಲ ಹಾರನ್ ಹೊಡೆದು ನಮ್ಮನ್ನು ದಾಟಿಕೊಂಡು ಹೋದವು.

ಸೆಪ್ಟೆಂಬರ್ 30, ಮಂಗಳವಾರ

ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದೆ. ಒಂದು ಬಟ್ಟಲಿನಂಥ ಯಂತ್ರಕ್ಕೆ ಗದ್ದ ಕೊಟ್ಟು ಕೂರಬೇಕು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡಾಗೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಇವರು ಯಂತ್ರದ ತಾಳ ಹಿಡಿದುಬಿಟ್ಟಿದ್ದಾರೆ. ಎಷ್ಟು ಹೊತ್ತಿಗೊಂದು ಚುಕ್ಕೆ ಬರುತ್ತದೆಂದು ಲೆಕ್ಕ ಕಟ್ಟಿ ಒತ್ತುತ್ತ ಹೋಗಿದ್ದಾರೆ.

ಪರೀಕ್ಷೆ ಮಾಡುತ್ತಿದ್ದ ಹುಡುಗಿ ನಿಲ್ಲಿಸಿದಳು. "ಸಾರ್, ಬೆಳಕೇ ಬಿಡದೆ ಇದ್ದಾಗ್ಲೂ ಒತ್ತಿದೀರಿ."

ಯಂತ್ರಕ್ಕೂ ಮೋಸ ಮಾಡಲು ಹೊರಟ ಮನುಷ್ಯ. ಮತ್ತೆ ಮೊದಲಿಂದ ಕೂರಿಸಿದರು.

ಗ್ಲಾಕೋಮಾ. ಹೋದ ನೋಟ ಬರುವುದಿಲ್ಲ. ತಪ್ಪದೆ ಹನಿ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಕಾರು ಓಡಿಸಬಾರದು. ಓಡುವ ಯಂತ್ರಗಳ ನಡುವೆ ನಡೆಯಬಾರದು.

ಹೊರಗೆ ಬಂದ ಮೇಲೆ ಇವರ ಮಾತು ಒಂದೇ. "ಪಂದ್ಯ ಮುಗೀಲಿ. ಆರ್ಡರ್ ಕೈಗೆ ಬರ್ಲಿ. ಆಮೇಲೆ ನಾನೇ ಹೇಳ್ತೀನಿ. ಅಲ್ಲೀತನಕ ನೀನು ಬಾಯಿ ಬಿಡ್ಬೇಡ."

"ಅಲ್ಲಿ ಕ್ರೇನ್ ಪಕ್ಕದಿಂದ ಬಂದ್ರೆ?"

"ಇಷ್ಟು ವರ್ಷದಿಂದ ಇದ್ದೀನಿ. ಸದ್ದಲ್ಲೇ ಗೊತ್ತಾಗತ್ತೆ."

ನಾನು ಹೂಂ ಅನ್ನಲಿಲ್ಲ. ಉಹೂಂ ಅನ್ನಲೂ ಆಗಲಿಲ್ಲ. ಈ ಹುದ್ದೆಗಾಗಿ ಅವರು ಎಷ್ಟು ವರ್ಷ ಕಾದಿದ್ದಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಇವರು ಸ್ಕ್ರೂಡ್ರೈವರ್, ಸ್ಪ್ಯಾನರ್, ಅಪ್ಪನ ಕಾಲದ ಅರ, ಎಲ್ಲದರ ಸಾಲಿನಲ್ಲಿ ಗಾಲ್ಫ್ ಕೋಲುಗಳನ್ನೂ ಮಲಗಿಸಿ ಕುಂಕುಮ ಇಟ್ಟರು. ಇವತ್ತು ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಹಬ್ಬದ ಅರ್ಥ ಗೊತ್ತಾಯಿತು.

ಮಂಗಳಾರತಿಯ ತಟ್ಟೆ ಹಿಡಿಯಲು ಕೈ ಚಾಚಿ ಪಕ್ಕದ ಗಾಳಿಯನ್ನು ಹಿಡಿದರು. ತಟ್ಟೆಯನ್ನು ಅವರ ಕೈಯ ಕೆಳಕ್ಕೆ ಸರಿಸಿದೆ. ಇಬ್ಬರೂ ಏನೂ ಆಗದವರಂತೆ ಹಾಡು ಮುಂದುವರಿಸಿದೆವು.

ಅಕ್ಟೋಬರ್ 5, ಭಾನುವಾರ

ಇನ್ನು ಒಂದೇ ವಾರ. ಸಂಜೆ ಮೊದಲ ಗುಳಿಯ ಹತ್ತಿರ ಯಾರೂ ಇರಲಿಲ್ಲ, ಅಲ್ಲೇ ಆಡಿದೆವು. ಹೊಸ ಏರ್ಪಾಡು: ಅವರು ಹೊಡೆಯುವುದು, ಎಲ್ಲಿ ಬಿತ್ತೆಂದು ನಾನು ಹೇಳುವುದು.

"ಅಲ್ಲಿ, ಆ ಮರದ ಹತ್ರ," ಎಂದೆ.

"ಅಲ್ಲಿ ಅಂದ್ರೆ? ಯಾವ ಮರ? ಈಚೆಗಾ, ಆಚೆಗಾ?"

"ಹುಣಸೆಮರ. ಸ್ವಲ್ಪ ಈಚೆಗೆ."

"ಸ್ವಲ್ಪ ಅಂದ್ರೆ ಎಷ್ಟು? ಇಷ್ಟೊಂದು ಪದ್ಯ ಓದಿದೀಯ, ಒಂದು ಚೆಂಡು ಬಿದ್ದ ಜಾಗ ಹೇಳಕ್ಕಾಗಲ್ವಾ?"

"ಪದ್ಯದಲ್ಲಿ ಯಾರೂ ಹೀಗೆ ಬಲಕ್ಕೆ ಹೊಡೆಯಲ್ಲ," ಎಂದು ನಾನೂ ರೇಗಿದೆ.

ಆಮೇಲೆ ಹೊಂದಿಕೆಯಾಯಿತು. ಮೇಲೆದ್ದಾಗಿನಿಂದ ಬೀಳುವವರೆಗೆ ಬಿಡದೆ ಹೇಳುತ್ತ ಹೋದರೆ ಅವರಿಗೆ ಸಾಕು. ಎದ್ದಿತು, ನೆಟ್ಟಗಿದೆ, ಈಗ ಬಲಕ್ಕೆ ವಾಲುತ್ತಿದೆ, ಬಂಡೆಯ ಎಡಕ್ಕೆ ಬಿತ್ತು, ಒಂದು ಸಲ ಪುಟಿಯಿತು, ಹುಲ್ಲಿನ ಅಂಚಿನಲ್ಲಿ ನಿಂತಿತು. ಗೋಪಿ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ಕಾಲಿನ ದಿಕ್ಕು ತಿದ್ದಿಕೊಳ್ಳುತ್ತಾರೆ. ಮೂರ್ನಾಲ್ಕು ಹೊಡೆತದಲ್ಲಿ ಬಾಗು ಕಡಿಮೆಯಾಯಿತು. ಅಷ್ಟಾದರೂ ಒಂದು ಚೆಂಡು ಬಂಡೆಯ ಹಿಂದೆ ಹೋಗಿ ತುಂಬ ಹುಡುಕಿಸಿತು. ನಡುವೆ ನಾನೂ ಕೆಲವು ಹೊಡೆದೆ; ಕುಂಟೆಯ ಆಚೆ ಬಿದ್ದವೆಂದು ಬೇಲಿಯ ಕಡೆಯಿಂದ ನಾರಾಯಣಮ್ಮ ಕೂಗಿ ಹೇಳಿದರು. ನೋಡಲು ಪುರುಸೊತ್ತಿರಲಿಲ್ಲ. ಹುಲ್ಲಿನಲ್ಲಿ ಕೋಲಾಡಿಸಿ ಗೋಪಿಯ ಚೆಂಡು ಹುಡುಕುವುದರಲ್ಲೇ ಬೆನ್ನು ನೋವು ಬಂತು.

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆ ಹನಿ ಹಾಕುವಾಗ ಮತ್ತೆ ಅದೇ ಮಾತು.

"ನಾಳೆ ಯಾರ ಮುಂದೆನೂ ಚೆಂಡು ಹಿಂಗೋಯ್ತು ಹಂಗೋಯ್ತು ಅಂತ ಹೇಳ್ತಾ ಕೂರ್ಬೇಡ. ರವಿ ಸಾರ್‌ಗೆ ಅನುಮಾನ ಬರತ್ತೆ."

"ಮತ್ತೆ ಆಡೋದು ಹೇಗೆ?"

"ಹೇಗೋ ಆಡ್ತೀನಿ."

"ನಾನಾಗಿ ಏನೂ ಹೇಳಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ನಿಮ್ಮ ಹಾಗೆ ನೆಟ್ಟಗೆ ಹೋಯ್ತು ಅಂತ ಸುಳ್ಳು ಹೇಳೋಳೂ ಅಲ್ಲ. ತಿಳೀತಾ?"

ಕಣ್ಣು ಮುಚ್ಚಿಕೊಂಡೇ ಇದ್ದರು. ಹನಿ ಕೆನ್ನೆಗಿಳಿಯಿತು. ಒರೆಸಿದೆ. ಗೆದ್ದರೆ ಅಪಾಯದ ಜಾಗಕ್ಕೆ ಕಳಿಸಿದಂತಾಗುತ್ತದೆ. ಸೋತರೆ ನನ್ನ ಕೈಯಿಂದಲೇ ಅವರ ಇಷ್ಟು ವರ್ಷದ ಆಸೆ ನೀರಿಗೆ ಬಿದ್ದಂತೆ. ನಾಳೆ ಮಳೆ ಬರಲಿ ಎಂದು ಹಾರೈಸಿದೆ. ಆಕಾಶದಲ್ಲಿ ಒಂದು ಮೋಡವಿಲ್ಲ.

ಅಕ್ಟೋಬರ್ 12, ಭಾನುವಾರ

ಎಳೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಮಾಲಿನಿ ಮೊದಲು ಹೊಡೆದು ಕುಂಟೆ ದಾಟಿಸಿ, ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ನಿಂತರು. "ಎಲ್ಲಾ ಮರೆತಿದ್ದೀರಾ?" ಎಂದು ಮೆಲ್ಲಗೆ ಕೇಳಿದರು. ಎಲ್ಲಾ ಎಂದೆ.

ಅದು ನಿಜವೇ ಇರಬೇಕು. ಹೆಬ್ಬೆರಳು, ಬಳೆ, ಹಿಡಿತ, ಯಾವುದೂ ನೆನಪಿಗೆ ಬರಲಿಲ್ಲ. ಗೋಪಿ ಈ ಚೆಂಡಿನ ಹತ್ತಿರ ಹೋಗಿ ಮುಂದಿನದನ್ನು ಹೊಡೆಯಬೇಕಲ್ಲ, ಅವರಿಗೆ ಕಾಲಿಡಲು ಒಂದಿಷ್ಟು ಸಮನೆಲದಲ್ಲಿ ಬೀಳಲಿ ಎಂದುಕೊಂಡೆ. ಬೀಸಿದೆ. ಹಸಿ ಬಿದಿರು ಸೀಳಿದಂಥ ಸದ್ದಾಯಿತು. ನಾನು ಚೆಂಡು ಇದ್ದ ಜಾಗದ ಹುಲ್ಲನ್ನೇ ನೋಡುತ್ತ ನಿಂತಿದ್ದೆ.

ರವಿಕುಮಾರ್ ಕೈ ಅಡ್ಡ ಹಿಡಿದು ನೋಡಿದರು. "ಅಯ್ಯೋ, ಬಿಸಿಲು. ಮಾಲಿನಿ, ನೀನು ನೋಡಿದ್ಯಾ?" ಆಕೆ ಬಾಟಲಿ ತೆಗೆಯಲು ಬಗ್ಗಿದ್ದರು. "ಗೋಪಿ, ನೀವು ನೋಡಿರ್ತೀರಿ. ಎಲ್ಲಿ ಬಿತ್ತು?"

ಎಲ್ಲರೂ ಗೋಪಿಯ ಕಡೆ ತಿರುಗಿದರು. ನೆಟ್ಟಗೆ ಎನ್ನಬಹುದಿತ್ತು. ಈ ಸಲ ಅದು ನಿಜವೂ ಆಗಿರಬಹುದಿತ್ತು. ನಾನೂ ನೋಡಿರಲಿಲ್ಲವಾದ್ದರಿಂದ ಸುಳ್ಳೆನ್ನುವವರು ಯಾರೂ ಇರಲಿಲ್ಲ.

"ನಂಗೆ ಕಾಣ್ಲಿಲ್ಲ ಸಾರ್."

"ಏನ್ರೀ ಇದು? ಮೇಡಂ ಇಷ್ಟು ಚೆನ್ನಾಗಿ ಹೊಡೆದಿದಾರೆ, ನೀವು ಎಲ್ಲೋ ನೋಡ್ತಾ ಇದ್ದೀರಾ?"

"ಅದನ್ನೇ ನೋಡ್ತಿದ್ದೆ ಸಾರ್. ಕಾಣ್ಸಲ್ಲ. ಒಂದು ವರ್ಷ ಆಯ್ತು. ಇವಳಿಗೂ ಈಗೀಗ ಗೊತ್ತಾಗಿದ್ದು." ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಡಾಕ್ಟರು ಯಂತ್ರದ ಹತ್ರ ಹೋಗ್ಬೇಡಿ ಅಂದಿದಾರೆ. ನಾನು ಹೋಗ್ತಾನೇ ಇದ್ದೀನಿ. ನಿಮ್ಗೆ ಹೇಳ್ಬೇಕಿತ್ತು."

ರವಿಕುಮಾರರ ಮುಖದಲ್ಲಿದ್ದ ನಗು ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಯಿತು. "ಸರಿ. ನಡೀರಿ, ಹುಡುಕೋಣ," ಎಂದರು.

ಕುಂಟೆಯನ್ನು ಬಳಸಿಕೊಂಡು ನಾಲ್ವರೂ ಸಾಲಾಗಿ ನಡೆದೆವು. ನಮ್ಮ ಚೆಂಡು ಮಾಲಿನಿಗೆ ಸಿಕ್ಕಿತು. ಆಚೆ ದಡದ ಹುಲ್ಲಿನ ನಡುಮಧ್ಯದಲ್ಲಿತ್ತು. ಗೋಪಿಯ ಪಕ್ಕ ನಿಂತು, ಅವರಿಗೆ ಮಾತ್ರವಲ್ಲ ಎಲ್ಲರಿಗೂ ಕೇಳುವಂತೆ, ಮುಂದೇನಿದೆ, ಬಲಕ್ಕೇನಿದೆ, ಇಳಿಜಾರು ಎಲ್ಲಿ ಎಂದು ಹೇಳಿದೆ. ಅವರು ಹೊಡೆದರು. ಎದ್ದಿತು, ನೆಟ್ಟಗಿದೆ, ಎಂದೆ. ಕೆಲವು ಗುಳಿಗಳಾದ ಮೇಲೆ ಮಾಲಿನಿಯೂ ಹೇಳತೊಡಗಿದರು. ನನಗಿಂತ ಚೆನ್ನಾಗಿಯೇ ಹೇಳುತ್ತಾರೆ.

ಸೋತೆವು. ಎಷ್ಟರಿಂದ ಎಂದು ಕೇಳಲಿಲ್ಲ. ಚಹಾ ಕುಡಿಯುವಾಗ ರವಿಕುಮಾರ್ ಗೋಪಿಯ ಭುಜದ ಮೇಲೆ ಕೈಯಿಟ್ಟು, ನಾಳೆಯಿಂದ ಕೆಳಗೆ ಮೆಷಿನ್‌ಗಳ ಹತ್ತಿರ ಹೋಗಬೇಡಿ, ಗುರುವಾರ ಬಂದು ಕಾಣಿ ಎಂದರು. ಬೆನ್ನು ತಟ್ಟಲಿಲ್ಲ.

ಅಕ್ಟೋಬರ್ 16, ಗುರುವಾರ

ಹುದ್ದೆ ಯತಿರಾಜ್‌ಗೆ. ಗೋಪಿಯನ್ನು ಡ್ರಾಯಿಂಗ್ ವಿಭಾಗದಲ್ಲಿ ಕೂರಿಸುತ್ತಾರಂತೆ. "ನಕ್ಷೆ ಎದುರಿಗೇ ಇರುತ್ತಲ್ಲ, ಅದು ಕಾಣುತ್ತಲ್ಲ," ಎಂದರಂತೆ ರವಿಕುಮಾರ್. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಎಂದೂ ಅಂದರಂತೆ. ಇಷ್ಟನ್ನೂ ಗೋಪಿ ಟಿಫಿನ್ ಡಬ್ಬಿ ತೊಳೆಯುತ್ತ ಹೇಳಿದರು. ಡಬ್ಬಿಯನ್ನು ಎಷ್ಟು ತೊಳೆದರೂ ಮುಗಿಯಲಿಲ್ಲ. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಯಾರ ಮೇಲೆಂದು ಗೊತ್ತಾಗದೆ ಡಬ್ಬಿಯ ಮುಚ್ಚಳವನ್ನು ಕುಕ್ಕಿದೆ.

"ಬಾ, ಹೋಗೋಣ," ಎಂದರು.

"ಎಲ್ಲಿಗೆ? ಇನ್ನು ಯಾರಿಗೋಸ್ಕರ ಆಡೋದು?"

"ಸುಮ್ನೆ."

ಕಾರು ಓಡಿಸಿದೆ. ಬಯಲಿನಲ್ಲಿ ನಾವಿಬ್ಬರೇ. ನನ್ನ ಹೊಡೆತಗಳೆಲ್ಲ ಮತ್ತೆ ಕೆಟ್ಟವು. ಒಂದು ಬಲಕ್ಕೆ, ಒಂದು ನೆಲಕ್ಕೆ, ಒಂದು ಇದ್ದಲ್ಲೇ. ಇಷ್ಟು ದಿನ ಕಲಿತದ್ದು ಎಲ್ಲಿ ಹೋಯಿತೋ. ಬಾಯಿಗೆ ಬಂದಂತೆ ಬೈದುಕೊಂಡು, ಕೋಲನ್ನು ಗೋಪಿಯ ಕೈಗೆ ಕೊಟ್ಟೆ. ಅವರು ಒಂದೊಂದಾಗಿ ಹೊಡೆಯುತ್ತ ಹೋದರು, ನಾನು ಹೇಳುತ್ತ ಹೋದೆ. ಎಡಕ್ಕೆ. ನೆಟ್ಟಗೆ. ಗಿಡ್ಡವಾಯಿತು. ನೆಟ್ಟಗೆ. ತೋಟದ ಮೋಟಾರು ನಿಂತಿತು. ಯಾರೋ ದನಗಳನ್ನು ಹೊಡೆದುಕೊಂಡು ರಸ್ತೆ ದಾಟಿದರು. ಗೋಪಿ ಇನ್ನೊಂದು ಚೆಂಡಿಡಲು ಬಗ್ಗಿದವರು, ಬಗ್ಗಿದಲ್ಲೇ ನಿಂತರು. ಕಡ್ಡಿಗಾಗಿ ಬೆರಳುಗಳು ಹುಲ್ಲಿನಲ್ಲಿ ತಡಕುತ್ತಿದ್ದವು.

"ರಾಧಾ, ಕತ್ತಲಾಯ್ತಾ? ಇಲ್ಲಾ ನಂಗೊಬ್ಬನಿಗೇನಾ?"

ಸುತ್ತ ನೋಡಿದೆ. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಬೇಲಿ ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಗುತ್ತದೆಂದು ನನಗೂ ತಿಳಿಯಲಿಲ್ಲ.

"ಎಲ್ಲರಿಗೂ ಆಗಿದೆ ರೀ," ಎಂದೆ.